ಗೃಹಜ್ಯೋತಿ: ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿಯನ್ನು ಪರಿಶೀಲಿಸುವ ಬಗೆ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು (ಸೆಸ್ಕ್) ವಿದ್ಯುತ್ ಪೂರೈಸುತ್ತದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಎಲ್ಲರಿಗೂ 200 ಯೂನಿಟ್ ಉಚಿತವೆಂಬ ತಿಳಿವಳಿಕೆ ಸರಿಯಲ್ಲ. ಪ್ರತಿ ಮನೆಗೂ ಪ್ರತ್ಯೇಕ ಮಿತಿಯಿರುತ್ತದೆ.

ಅರ್ಹ ಯೂನಿಟ್: 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆ ಹಾಗೂ ಅದರ ಶೇ. 10. ಕಡಿಮೆ ಬಳಕೆಯ ಗ್ರಾಹಕರಿಗೆ ಶೇ. 10ರ ಬದಲು 10 ಯೂನಿಟ್ ನೀಡಲು 2024ರಲ್ಲಿ ತೀರ್ಮಾನಿಸಲಾಯಿತು.

ಉದಾಹರಣೆ: ಸರಾಸರಿ ಬಳಕೆ 100 ಯೂನಿಟ್ ಇದ್ದಲ್ಲಿ ಅರ್ಹ ಮಿತಿ 110 ಯೂನಿಟ್.
1. ಬಳಕೆ 105 ಯೂನಿಟ್: ಪಾವತಿಸಬೇಕಾದ ಮೊತ್ತ ಶೂನ್ಯ.
2. ಬಳಕೆ 150 ಯೂನಿಟ್: ಹೆಚ್ಚುವರಿ 40 ಯೂನಿಟ್‌ಗೆ ಮಾತ್ರ ಪಾವತಿ.
3. ಬಳಕೆ 201 ಯೂನಿಟ್: ಪೂರ್ಣ ಬಿಲ್ ಪಾವತಿ.

200ರ ಮೇಲೆ ಒಂದೇ ಯೂನಿಟ್ ಹೆಚ್ಚಾದರೂ ಆ ತಿಂಗಳ ರಿಯಾಯಿತಿ ಸಂಪೂರ್ಣವಾಗಿ ತಪ್ಪುತ್ತದೆ. ಆದ್ದರಿಂದ ಗ್ರಾಹಕರು ಬಿಲ್ಲಿನಲ್ಲಿರುವ ಹಿಂದಿನ ಮಾಪನವನ್ನು ಗುರುತಿಟ್ಟುಕೊಂಡು, ತಿಂಗಳ ಮಧ್ಯದಲ್ಲೊಮ್ಮೆ ಮೀಟರ್ ನೋಡುವುದು ಸೂಕ್ತ. ಈಗಿನ ಮಾಪನದಿಂದ ಹಿಂದಿನದನ್ನು ಕಳೆದರೆ ಅಂದಿನವರೆಗಿನ ಬಳಕೆ ತಿಳಿಯುತ್ತದೆ. ಬಿಲ್ ಬಂದಾಗ ಬಳಕೆ, ಅರ್ಹ ಯೂನಿಟ್, ಕಡಿತಗೊಳಿಸಿದ ಮೊತ್ತ ಹಾಗೂ ನಿವ್ವಳ ಮೊತ್ತಗಳನ್ನು ತಾಳೆ ನೋಡತಕ್ಕದ್ದು.

ಬಾಡಿಗೆದಾರರ ಗಮನಕ್ಕೆ: ಮನೆ ಬದಲಿಸುವವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಳೆಯ ಸಂಪರ್ಕದಿಂದ ಆಧಾರ್ ಜೋಡಣೆಯನ್ನು ರದ್ದುಪಡಿಸಿ, ಹೊಸ ಮನೆಗೆ ನೋಂದಾಯಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ಸಂಪರ್ಕಕ್ಕೆ ಸೌಲಭ್ಯ ಲಭ್ಯ.

ವ್ಯತ್ಯಾಸ ಕಂಡುಬಂದಲ್ಲಿ ಬಿಲ್ಲಿನೊಂದಿಗೆ ಸಂಬಂಧಿಸಿದ ಸೆಸ್ಕ್ ಉಪವಿಭಾಗ ಕಚೇರಿಯನ್ನು ಅಥವಾ ಸಹಾಯವಾಣಿ 1912 ಅನ್ನು ಸಂಪರ್ಕಿಸಲು ಕೋರಿದೆ.