ಬಂಗಾರಪೇಟೆಯ ಮಕ್ಕಳಿಗೆ ಸಸ್ಯವಿಜ್ಞಾನ ಯಾಕೆ ಬೇಡ?

ಪಿಯುಸಿ ಫಲಿತಾಂಶ ಬಂದ ವಾರ ಕೆಜಿಎಫ್, ಬಂಗಾರಪೇಟೆ ಕಡೆಯ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ. ಮೆಡಿಕಲ್ ಸಿಗದಿದ್ದರೆ ಎಂಜಿನಿಯರಿಂಗ್, ಅದೂ ಆಗದಿದ್ದರೆ ನರ್ಸಿಂಗ್ ಅಥವಾ ಬಿ.ಕಾಂ., ಓದು ಮುಗಿದ ಮೇಲೆ ಬೆಂಗಳೂರಿನ ರೈಲು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಹೊರಡುವ ಆ ರೈಲೇ ಎಷ್ಟೋ ಸಂಸಾರಗಳಿಗೆ ಅನ್ನದ ದಾರಿಯಾಗಿದೆ. ಇಂಥ ಊರಿನಲ್ಲಿ ಮಗಳು ಗಿಡಗಳ ವಿಜ್ಞಾನ ಓದುತ್ತೇನೆ ಎಂದರೆ ‘ಅದು ಓದಿ ಏನ್ ಮಾಡ್ತೀಯಮ್ಮ?’ ಎಂದು ಮನೆಯವರು ಕೇಳುವುದು ಸಹಜ. ಸಂಬಳದ ನೆಲೆ ಕಳೆದುಕೊಂಡ ಊರಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇದೆ. ಆದರೆ ಅದಕ್ಕೆ ಗಟ್ಟಿಯಾದ ಉತ್ತರವೂ ಇದೆ. ಕೋಲಾರ ಜಿಲ್ಲೆಯ ಹೊಲಗಳನ್ನು ಕಾಡುವ ಸಮಸ್ಯೆಗಳೇ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಗಳು ತಲೆಕೆಡಿಸಿಕೊಂಡಿರುವ ಸಮಸ್ಯೆಗಳು. ಇವನ್ನು ಹತ್ತಿರದಿಂದ ಕಂಡು ಬೆಳೆದವರಿಗೆ ಈ ಕ್ಷೇತ್ರದಲ್ಲಿ ಇರುವ ಅನುಕೂಲವನ್ನು ನಾವು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಟೊಮೆಟೊ ವಿಷಯವನ್ನೇ ನೋಡಿ. 1999ರ ಸುಮಾರಿಗೆ ಕೋಲಾರದ ತೋಟಗಳಲ್ಲಿ ಎಲೆ ಮುದುರು ರೋಗ ಹಿಂದೆಂದೂ ಕಾಣದಷ್ಟು ಉಗ್ರವಾಯಿತು. ಎಲೆ ಸುರುಳಿ ಸುತ್ತಿ, ಗಿಡ ಗಿಡ್ಡವಾಗಿ, ಹೂ ಕಾಯಿಕಟ್ಟದೆ ನಿಂತಿತು. ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ ಎಂಬುದು ಮೊದಲೇ ಗೊತ್ತಿತ್ತು. ಹಾಗಿದ್ದರೆ ಅದೇ ನೊಣ ಆ ವರ್ಷ ಮಾತ್ರ ಅಷ್ಟು ಹೆಚ್ಚಲು ಕಾರಣವೇನು? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಗ್ರೀನಿಚ್ ವಿಶ್ವವಿದ್ಯಾಲಯದ ನ್ಯಾಚುರಲ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಇದನ್ನು ಬಿಡಿಸಿದರು. ಹೊರದೇಶಗಳಲ್ಲಿ ಆಗಲೇ ಹಾವಳಿ ಎಬ್ಬಿಸಿದ್ದ ‘ಬಿ’ ಬಗೆಯ ಬಿಳಿ ನೊಣ ಕೋಲಾರಕ್ಕೂ ಬಂದಿತ್ತು. ಬರಿಗಣ್ಣಿಗೆ ಊರಿನ ನೊಣವೂ ಹೊರಗಿನದೂ ಒಂದೇ ಥರ. ಡಿಎನ್‌ಎ ಓದಿದರೆ ವ್ಯತ್ಯಾಸ ಸಿಗುತ್ತದೆ. ಹೊರಗಿನದರ ಮರಿಗಳು ಕುಂಬಳದ ಜಾತಿಯ ಗಿಡದ ರಸ ಹೀರಿದರೆ ಎಲೆ ಬೆಳ್ಳಿಯ ಬಣ್ಣಕ್ಕೆ ತಿರುಗುವುದೂ ಒಂದು ಗುರುತು. ದಕ್ಷಿಣ ಭಾರತದಲ್ಲಿ ಈ ನೊಣದ ಮೊದಲ ವರದಿ ಕೋಲಾರದ್ದು. ರೋಗ ತಡೆಯುವ ತಳಿಗಳ ಹುಡುಕಾಟದಲ್ಲಿ ತೈವಾನಿನಲ್ಲಿ ನೆಲೆಯಿರುವ ವಿಶ್ವ ತರಕಾರಿ ಕೇಂದ್ರವೂ ಕೈಜೋಡಿಸಿತು. ನಂದಿ, ಸಂಕ್ರಾಂತಿ, ವೈಭವ್ ಎಂಬ ಟೊಮೆಟೊ ತಳಿಗಳು ಬಂದದ್ದು ಈ ಕೆಲಸದಿಂದ. ಆ ತಂಡದಲ್ಲಿದ್ದ ಎಂ.ಎನ್. ಮಾರುತಿ ಮುಂದೆ ಗ್ರೀನಿಚ್‌ನಲ್ಲೇ ಸಂಶೋಧಕರಾಗಿ, ಪೂರ್ವ ಆಫ್ರಿಕಾದ ಮರಗೆಣಸನ್ನು ಹಾಳುಮಾಡುವ ವೈರಸ್ಸುಗಳ ಮೇಲೆ ಕೆಲಸ ಮಾಡಿದರು. ಆ ವೈರಸ್ಸುಗಳನ್ನು ಹರಡುವುದೂ ಬಿಳಿ ನೊಣವೇ. ಕೋಲಾರದ ಟೊಮೆಟೊ ತೋಟದಲ್ಲಿ ಕಲಿತದ್ದು ಆಫ್ರಿಕಾದ ಬಡ ರೈತನ ಹೊಲಕ್ಕೂ ಉಪಯೋಗಕ್ಕೆ ಬಂತು.

ರಾಗಿಯ ಚರಿತ್ರೆ ಇನ್ನೂ ಹಳೆಯದು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಕೂಡಿಸುವುದು ಎಂದರೆ ಸುಲಭದ ಮಾತಲ್ಲ. ರಾಗಿಯ ಹೂ ತೀರಾ ಪುಟ್ಟದು, ಅರಳುವುದು ನಸುಕಿಗೂ ಮೊದಲು, ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುವುದು ಅದರ ಸ್ವಭಾವ. ಬೆಂಕಿ ರೋಗ ತಡೆದುಕೊಂಡು ಮನೆಮಾತಾದ ಜಿಪಿಯು 28 ತಳಿಯ ವಂಶಾವಳಿಯಲ್ಲಿ ಇಂಡಾಫ್ 5, ಇಂಡಾಫ್ 9ರ ಜೊತೆ ಐಇ 1012 ಎಂಬ ಮಾದರಿಯೂ ಇದೆ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ತನ್ನ ರಾಗಿ ಮಾದರಿಗಳನ್ನು ಗುರುತಿಸುವುದೂ ಐಇ ಸಂಖ್ಯೆಗಳಿಂದಲೇ. ಜೋಳ, ಸಜ್ಜೆ, ಕಡಲೆ, ತೊಗರಿ, ಕಡಲೆಕಾಯಿ, ರಾಗಿ ಮೊದಲಾದವುಗಳ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಮಾದರಿಗಳು ಅಲ್ಲಿನ ಬೀಜ ಭಂಡಾರದಲ್ಲಿ ತಣ್ಣಗೆ ಭದ್ರವಾಗಿವೆ. 2009ರಲ್ಲಿ ಕರ್ನಾಟಕ ಸರ್ಕಾರ ಒಣಬೇಸಾಯದ ಇಳುವರಿ ಹೆಚ್ಚಿಸಲು ಭೂಚೇತನ ಯೋಜನೆ ಆರಂಭಿಸಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ನಮ್ಮ ಮಣ್ಣಿನಲ್ಲಿ ಗಂಧಕ, ಸತು, ಬೋರಾನ್ ಕೊರತೆ ಇದೆ ಎಂದು ಪರೀಕ್ಷೆ ಮಾಡಿ ತೋರಿಸಿದ್ದರಲ್ಲಿ ಇದೇ ಇಕ್ರಿಸ್ಯಾಟ್‌ನ ಪಾತ್ರ ಮುಖ್ಯವಾದದ್ದು.

ಇಂಥ ಸಂಸ್ಥೆಗಳಲ್ಲಿ ಪಿಎಚ್‌.ಡಿ. ಮಾಡಿದ ವಿಜ್ಞಾನಿಗಳಿಗೆ ಮಾತ್ರ ಜಾಗ ಎಂದುಕೊಳ್ಳುವುದು ತಪ್ಪು. ಬೀಜ ಭಂಡಾರ ನೋಡಿಕೊಳ್ಳುವವರು, ಹೊಲದ ತಾಂತ್ರಿಕ ಸಿಬ್ಬಂದಿ, ಪ್ರಯೋಗಾಲಯ ಸಹಾಯಕರು, ಅಂಕಿ ಅಂಶ ವಿಶ್ಲೇಷಿಸುವವರು ಎಲ್ಲರೂ ಬೇಕು. ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಬಂಧದ ಕೆಲಸಕ್ಕೆಂದು ಹೋಗಿ ಅಲ್ಲೇ ದಾರಿ ಕಂಡುಕೊಳ್ಳುವುದೂ ಉಂಟು. ದೆಹಲಿಯ ಐಸಿಜಿಇಬಿ ಕೂಡ ಅಂತರರಾಷ್ಟ್ರೀಯ ಕೇಂದ್ರವೇ, ಅಲ್ಲಿಯೂ ಸಸ್ಯಗಳ ಮೇಲೆ ಪಿಎಚ್‌.ಡಿ. ಮಾಡಬಹುದು. ಭತ್ತದ ಸಂಶೋಧನೆಗೆ ಫಿಲಿಪ್ಪೀನ್ಸಿನ ಇರ‍್ರಿ ಇದೆ.

ಓದು ದೀರ್ಘ, ನೌಕರಿ ಅನಿಶ್ಚಿತ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯ ಇದೆ. ಪದವಿಗೆ ನಾಲ್ಕು ವರ್ಷ, ಸ್ನಾತಕೋತ್ತರಕ್ಕೆ ಎರಡು, ಪಿಎಚ್‌.ಡಿ.ಗೆ ಮತ್ತೆ ನಾಲ್ಕೈದು. ಕೆಲಸಗಳಲ್ಲಿ ಹೆಚ್ಚಿನವು ಯೋಜನೆಯ ಹಣ ಇರುವವರೆಗಿನ ಗುತ್ತಿಗೆ. 2025ರಲ್ಲಿ ಅಮೆರಿಕ ವಿದೇಶಿ ನೆರವು ಕಡಿತ ಮಾಡಿದಾಗ ಕೃಷಿ ಸಂಶೋಧನೆಗೂ ಪೆಟ್ಟು ಬಿತ್ತು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಸರಿಯಲ್ಲ. ಆದರೆ ಪಿಎಚ್‌.ಡಿ. ಕಾಲ ಪೂರ್ತಿ ಅಪ್ಪನ ದುಡ್ಡಿನಲ್ಲೇ ಕಳೆಯಬೇಕಾಗಿಲ್ಲ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಮನೆಬಾಡಿಗೆ ಭತ್ಯೆ ಬೇರೆ. ಗುತ್ತಿಗೆ ಮುಗಿದರೂ ಕಲಿತ ವಿದ್ಯೆಗೆ ಬೆಂಗಳೂರಿನ ಸುತ್ತಲ ಬೀಜ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಕೃಷಿ ಇಲಾಖೆಯಲ್ಲಿ ಬೆಲೆ ಇದೆ. ರೈಲು ಹತ್ತಿ ಹೋಗುವ ಖಾಸಗಿ ಕೆಲಸಗಳಲ್ಲಿ ಮಾತ್ರ ಎಷ್ಟು ಭದ್ರತೆ ಇದೆ ಎಂಬುದನ್ನೂ ಇಲ್ಲಿ ಕೇಳಿಕೊಳ್ಳಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದಕ್ಕುವುದೇ ಎಂಬ ಅಳುಕು ಇನ್ನೊಂದು. ಇಂಗ್ಲಿಷ್ ಬೇಕೇ ಬೇಕು, ಅದನ್ನು ಕಲಿಯಲೇಬೇಕು. ಆದರೆ ಕೃಷಿ ಪದವಿಗೆ ರೈತರ ಮಕ್ಕಳಿಗೆಂದು ಸೀಟುಗಳಿವೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಕೀಟ, ಉಪಕರಣ ಗುರುತಿಸಬೇಕು. ಹೊಲದ ಕೆಲಸ ಬಲ್ಲ ಹುಡುಗಿಗೆ ಅಲ್ಲಿ ನಗರದ ಕೋಚಿಂಗಿನ ಹಂಗಿಲ್ಲ. ಕೋಲಾರದ ಟಮಕದಲ್ಲೇ ತೋಟಗಾರಿಕೆ ಕಾಲೇಜು ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯೂ ದೂರವೇನಲ್ಲ. ರಾಗಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿದ್ದು ಅದೇ ಜಿಕೆವಿಕೆಯ ಶೈಲಜಾ ಹಿತ್ತಲಮನಿ ಅವರ ನೇತೃತ್ವದ ತಂಡ. ಓದಿದ್ದು ಎಂಎಲ್ 365 ಎಂಬ ನಮ್ಮದೇ ತಳಿಯನ್ನು.

ಹೀಗೆ ಕಲಿತವರು ಊರು ಬಿಟ್ಟು ಹೋಗುತ್ತಾರಲ್ಲ ಎನ್ನುವವರಿಗೆ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ತೋರಿಸಬಹುದು. ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಸುರಿದ ಮಣ್ಣಿನ 13 ದಿಬ್ಬಗಳು ಇಂದಿಗೂ ನಿಂತಿವೆ. ಗಾಳಿ ಬೀಸಿದರೆ ದೂಳು ಮನೆಯೊಳಕ್ಕೆ. ಸಾರವೇ ಇಲ್ಲದ, ಲೋಹದ ಅಂಶ ಬೆರೆತ ಆ ಹುಡಿಯಲ್ಲಿ ಯಾವ ಹುಲ್ಲು ಬೇರೂರೀತು, ಬೇರಿಗೆ ಯಾವ ಶಿಲೀಂಧ್ರ ಜೊತೆಯಾದರೆ ಗಿಡ ಉಳಿದೀತು ಎಂಬುದು ಸಸ್ಯವಿಜ್ಞಾನದ ಪ್ರಶ್ನೆ. ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗಳ ದಿಬ್ಬಗಳ ಮೇಲೂ ಇಂಥದೇ ಕೆಲಸ ನಡೆದಿದೆ. ಅದನ್ನು ಕಲಿಯಲು ಹೊರಗೆ ಹೋಗಲೇಬೇಕು, ಕಲಿತದ್ದಕ್ಕೆ ಕೆಲಸ ಇಲ್ಲೇ ಕಾದಿದೆ. ಈಗ ಹತ್ತನೇ ತರಗತಿಯಲ್ಲಿರುವವರು ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತವನ್ನೂ ಉಳಿಸಿಕೊಳ್ಳುವುದು ಒಳ್ಳೆಯದು. ಇಂದು ಹೊಸ ತಳಿ ತೆಗೆಯುವುದರಲ್ಲಿ ಅರ್ಧ ಪಾಲು ಲೆಕ್ಕದ್ದೇ.