ಜಕಣಾಚಾರಿ ಕಥೆ ಮತ್ತು ಮುಗಿಯದ ಥೀಸಿಸ್: ಒಂದೂ ತಪ್ಪಿಲ್ಲದೆ ಬರೆಯಲು ಕಾದರೆ ಏನಾಗುತ್ತದೆ?

ಬೇಲೂರಿಗೆ ಹೋದವರು ಕೇಳಿಯೇ ಇರುವ ಕಥೆ ಇದು. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ ಒಬ್ಬ ಹುಡುಗ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಂಥ ಕಟ್ಟುತ್ತಾನೆ. ಕಲ್ಲಿನೊಳಗಿಂದ ಕಪ್ಪೆ ಹೊರಬರುತ್ತದೆ, ಕೈ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಕೊನೆಗೊಂದು ನೀತಿಯೂ ಅಂಟಿಕೊಂಡಿರುತ್ತದೆ: ಮಾಡಿದರೆ ಒಂದೂ ತಪ್ಪಿಲ್ಲದಂತೆ ಮಾಡಬೇಕು!

ಪಿಎಚ್‌ಡಿ ಮಾಡುತ್ತಿರುವ ನಾನು ಇದೇ ನೀತಿ ನಂಬಿ ಎಂಟು ತಿಂಗಳು ಕಳೆದುಕೊಂಡೆ. ಅರಸೀಕೆರೆಯ ಮನೆಯಲ್ಲಿ ಕೂತು ಎರಡನೇ ಅಧ್ಯಾಯದ ಮೊದಲ ಪ್ಯಾರಾ ಬರೆಯುವುದು, ಅಳಿಸುವುದು, "ಇನ್ನೊಂದು ಪೇಪರ್ ಓದಿ ಬರೆಯೋಣ" ಎಂದು ಲ್ಯಾಪ್‌ಟಾಪ್ ಮುಚ್ಚುವುದು. ಗೈಡ್ ಫೋನ್ ಬಂದರೆ ಎತ್ತಲು ಭಯ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಸಾಮಾನ್ಯ ಗಡುವು ಆರು ವರ್ಷ. ಅದರಲ್ಲಿ ಎಂಟು ತಿಂಗಳು ಸಣ್ಣದಲ್ಲ.

ನಂಬಿಕೆ 1: ಮುಂದೂಡುವುದು ಸೋಮಾರಿತನ

ಅಲ್ಲ. ಸೋಮಾರಿಗೆ ಕೆಲಸದ ಚಿಂತೆಯೇ ಇರುವುದಿಲ್ಲ. ಮುಂದೂಡುವವರಿಗೆ ಅದೇ ಚಿಂತೆ. ಮನೋವಿಜ್ಞಾನಿಗಳಾದ ಫ್ಯೂಶಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ಇದನ್ನು ಹೀಗೆ ವಿವರಿಸಿದರು: ಕೆಲಸ ನೆನೆದಾಗ ಭಯ, ಬೇಸರ ಹುಟ್ಟುತ್ತದೆ. ಅದನ್ನು ಬದಿಗಿಟ್ಟರೆ ಮನಸ್ಸಿಗೆ ತಕ್ಷಣ ಹಗುರ. ಆ ಹಗುರವೇ ಚಟವಾಗುತ್ತದೆ. ಅಂದರೆ ಇದು ಸಮಯಕ್ಕಿಂತ ಹೆಚ್ಚಾಗಿ ಭಾವನೆ ನಿಭಾಯಿಸುವ ಸಮಸ್ಯೆ.

ನಂಬಿಕೆ 2: ಪರಿಪೂರ್ಣತೆಯ ಹಟ ಇದ್ದರೆ ಕೆಲಸ ಚೆನ್ನಾಗುತ್ತದೆ

ಅರ್ಧ ನಿಜ. "ಚೆನ್ನಾಗಿ ಮಾಡಬೇಕು" ಎಂಬ ಆಸೆ ಬೇರೆ, "ತಪ್ಪಾದರೆ ಜನ ಏನಂತಾರೆ" ಎಂಬ ಭಯ ಬೇರೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ 2017ರ ವಿಶ್ಲೇಷಣೆಯ ಪ್ರಕಾರ, ಮುಂದೂಡುವುದರ ಜೊತೆ ಹೊಂದಿಕೊಂಡಿರುವುದು ಎರಡನೆಯದು.

ನಂಬಿಕೆ 3: ಕೊನೇ ಗಳಿಗೆಯ ಒತ್ತಡದಲ್ಲೇ ಒಳ್ಳೆಯ ಬರಹ ಬರುತ್ತದೆ

ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಮುಂದೂಡುವವರು ಸೆಮಿಸ್ಟರ್ ಆರಂಭದಲ್ಲಿ ನಿರಾಳವಾಗಿದ್ದರು. ಕೊನೆಗೆ ಅವರಿಗೇ ಒತ್ತಡ ಹೆಚ್ಚು, ಅನಾರೋಗ್ಯ ಹೆಚ್ಚು, ಅಂಕ ಕಡಿಮೆ.

ಕಲ್ಲು ಹೇಳುವ ಕಥೆ ಬೇರೆ

ಜಕಣಾಚಾರಿಯದು ಐತಿಹ್ಯ. ಆದರೆ ಬೇಲೂರಿನ ಶಿಲ್ಪಗಳಲ್ಲಿ ಹೆಸರು ಕೆತ್ತಿಕೊಂಡವರು ನಿಜವಾಗಿ ಇದ್ದರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ನಾವು ನಿಂತು ನೋಡುವ ಆ ಜಾಲಂಧ್ರಗಳು ಸೇರಿದ್ದು ಆಮೇಲೆ, ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ ಎನ್ನುತ್ತಾರೆ ಇತಿಹಾಸಕಾರರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವಂತೂ ದಶಕಗಳ ಕೆಲಸದ ನಂತರವೂ ಪೂರ್ತಿಯಾಗಲಿಲ್ಲ. ಆದರೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇದು ವೈಜ್ಞಾನಿಕ ಪುರಾವೆಯಲ್ಲ, ನಿಜ. ಆದರೆ ಕಪ್ಪೆ ಕಥೆಗಿಂತ ಒಳ್ಳೆಯ ಪಾಠ.

ಹಾಗಾದರೆ ಏನು ಮಾಡಬೇಕು?

* ಹೊತ್ತು, ಜಾಗ ಗೊತ್ತುಮಾಡಿ. "ನಾಳೆ ಬರೆಯುತ್ತೇನೆ" ಬೇಡ; "ಬೆಳಗಿನ ಕಾಫಿ ಮುಗಿದ ಕೂಡಲೇ ಈ ಮೇಜಿನಲ್ಲಿ 25 ನಿಮಿಷ" ಅನ್ನಿ. ಹೀಗೆ ನಿರ್ದಿಷ್ಟವಾಗಿ ನಿರ್ಧರಿಸಿದ ಕೆಲಸ ನಡೆಯುವ ಸಾಧ್ಯತೆ ಹೆಚ್ಚು ಎಂದು ಪೀಟರ್ ಗೊಲ್ವಿಟ್ಜರ್ ಅವರ ಸಂಶೋಧನೆ ತೋರಿಸಿದೆ.
* ಬರೆಯುವಾಗ ತಿದ್ದಬೇಡಿ. ಕಚ್ಚಾ ಕರಡು ಇವತ್ತು, ತಿದ್ದುವುದು ನಾಳೆ. ಇಂಗ್ಲಿಷ್ ಹೊಳೆಯದಿದ್ದರೆ ಆ ವಾಕ್ಯ ಕನ್ನಡದಲ್ಲೇ ಇರಲಿ.
* ಅರೆಬರೆ ಕರಡನ್ನೇ ಗೈಡ್‌ಗೆ ತೋರಿಸಿ. ಕೆಂಪು ಗುರುತು ಬಿದ್ದರೆ ಕೈಯೇನೂ ಹೋಗುವುದಿಲ್ಲ.
* ನಿಮ್ಮನ್ನು ಬೈದುಕೊಳ್ಳಬೇಡಿ. 2010ರ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು.

ನಿದ್ದೆ, ಊಟ ಕೆಟ್ಟು ಬೇಸರ ವಾರಗಟ್ಟಲೆ ಬಿಡದಿದ್ದರೆ ಅದು ಬರೀ ಮುಂದೂಡುವ ಅಭ್ಯಾಸ ಆಗಿರಲಿಕ್ಕಿಲ್ಲ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಎರಡನೇ ಅಧ್ಯಾಯ ಕೊನೆಗೂ ಗೈಡ್ ಕೈ ಸೇರಿತು. ತುಂಬ ತಿದ್ದುಪಡಿಗಳೊಂದಿಗೆ ವಾಪಸ್ ಬಂತು. ಈಗ ಕನಿಷ್ಠ ತಿದ್ದಲು ಏನಾದರೂ ಇದೆ.