ಬಾತುಗಳ ಹಿಂಡಿಗೆ ಹೊಸ ಗಂಡುಬಾತನ್ನು ಸೇರಿಸುವ ಕ್ರಮ

ಹಿತ್ತಲಿನಲ್ಲಿ ಬಾತು ಸಾಕುವವರಿಗೆ ತಿನ್ನುವ ಮೊಟ್ಟೆ ಮಾತ್ರ ಸಾಕಾದರೆ ಗಂಡುಬಾತಿನ ಅವಶ್ಯಕತೆಯೇ ಇಲ್ಲ. ಹೆಣ್ಣುಗಳು ಅದಿಲ್ಲದೆಯೂ ಮೊಟ್ಟೆಯಿಡುತ್ತವೆ. ಮರಿ ಬೇಕಾದಾಗ ಮಾತ್ರ ಗಂಡು ಬೇಕು. ಮನೆಯಲ್ಲಿ ಹುಟ್ಟಿದ ಗಂಡನ್ನೇ ತಲೆಮಾರುಗಟ್ಟಲೆ ಉಳಿಸಿಕೊಂಡರೆ ಒಡಹುಟ್ಟುಗಳೇ ಕೂಡಿ, ಮೊಟ್ಟೆಗಳು ಬರಡಾಗುವುದೂ ಮರಿಗಳು ಬಲಹೀನವಾಗುವುದೂ ಉಂಟು. ಆದುದರಿಂದ ಹೊರಗಿನ ಗಂಡನ್ನು ತರುವುದು ಯುಕ್ತವೇ. ಆದರೆ ಸಂತೆಯಿಂದ ತಂದ ದಿನವೇ ಅದನ್ನು ಹಿಂಡಿಗೆ ಬಿಡುವುದು ಅಪಾಯಕರ. ಒಂದು ಹಕ್ಕಿಯೊಡನೆ ಬಂದ ರೋಗದಿಂದ ಹಿಂಡೆಲ್ಲವೂ ನಾಶವಾಗಬಹುದು.

ಆಯ್ಕೆ. ಗಂಡುಬಾತು ಹೆಣ್ಣುಗಳಿಗಿಂತ ಸುಮಾರು ಒಂದು ತಿಂಗಳು ದೊಡ್ಡದಾಗಿದ್ದರೆ ಒಳ್ಳೆಯದು. ಕಣ್ಣು ಹೊಳೆಯುತ್ತಿದ್ದು, ಕಾಲು ಗಟ್ಟಿಯಾಗಿದ್ದು, ನಡಿಗೆಯಲ್ಲಿ ಕುಂಟು ಇರಬಾರದು. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿಯಾದ ಗರಿಗಳಿರುತ್ತವೆ. ಗರಿ ಉದುರುವ ಕಾಲದಲ್ಲಿ ಇವು ಕಾಣದಿರಬಹುದು. ಆಗ ಧ್ವನಿಯಿಂದ ತಿಳಿಯಬೇಕು. ಹೆಣ್ಣು ಗಟ್ಟಿಯಾಗಿ ಕೂಗುತ್ತದೆ. ಗಂಡಿನ ಸ್ವರ ತಗ್ಗಿದ್ದು, ಗಂಟಲು ಕಟ್ಟಿದಂತಿರುತ್ತದೆ. ಮುಖದಲ್ಲಿ ಕೆಂಪು ಚರ್ಮವುಳ್ಳ ಮಸ್ಕೊವಿ ಜಾತಿಯ ಗಂಡನ್ನು ಸಾಧಾರಣ ಬಾತುಗಳಿಗೆ ಬಿಟ್ಟರೆ ಹುಟ್ಟುವ ಮರಿಗಳು ಮಾಂಸಕ್ಕೆ ಬಂದಾವೇ ಹೊರತು ಸಂತಾನಕ್ಕೆ ಬಾರವು.

ಬೇರೆ ಇಡುವುದು. ಹೊಸ ಗಂಡನ್ನು ಮೂರು ನಾಲ್ಕು ವಾರ ಹಿಂಡಿನಿಂದ ದೂರದಲ್ಲಿ ಇಡತಕ್ಕದ್ದು. ಅದಕ್ಕೆ ನೀರಿನ ಬಾನಿ, ಮೇವಿನ ಪಾತ್ರೆ ಬೇರೆಯೇ ಇರಬೇಕು. ಅದರ ಬಾನಿಯ ನೀರು ಹಿಂಡು ಇಳಿಯುವ ಹೊಂಡಕ್ಕೆ ಹರಿಯಬಾರದು. ದಿನವೂ ಮೊದಲು ಹಳೆಯ ಹಿಂಡಿಗೆ ಮೇವು ಹಾಕಿ, ಆಮೇಲೆ ಹೊಸದರ ಬಳಿಗೆ ಹೋಗಿ, ಕೈಕಾಲು ತೊಳೆದುಕೊಳ್ಳಬೇಕು. ಮೇವು ಬಿಡುವುದು, ಹಸುರು ಭೇದಿ, ಕಣ್ಣಿನಲ್ಲಿ ನೀರು, ಕಾಲಿನ ನಿಶ್ಶಕ್ತಿ ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಿಗೆ ತೋರಿಸಬೇಕು. ಬಾತು ಪ್ಲೇಗಿಗೆ ಲಸಿಕೆಯುಂಟು. ಅದನ್ನು ಈ ಅವಧಿಯಲ್ಲಿಯೇ ಹಾಕಿಸುವುದು ಮೇಲು. ಭಾರತದಲ್ಲಿ 2006ರಲ್ಲಿ ಮೊದಲು ಕಾಣಿಸಿಕೊಂಡ ಹಕ್ಕಿಜ್ವರದ ಸೋಂಕು ಬಾತುಗಳಲ್ಲಿ ಯಾವ ಚಿಹ್ನೆಯೂ ಇಲ್ಲದೆ ಅಡಗಿರಬಲ್ಲದು. ಆದುದರಿಂದ ರೋಗ ಬಂದ ಊರಿನಿಂದ ಹಕ್ಕಿಯನ್ನು ಕೊಳ್ಳಲೇಬಾರದು.

ಸೇರಿಸುವುದು. ಅವಧಿ ಮುಗಿದ ಮೇಲೆ ನಡುವೆ ಬಿದಿರ ತಟ್ಟಿ ಕಟ್ಟಿ, ಹೊಸತೂ ಹಳೆಯವೂ ಒಂದನ್ನೊಂದು ನೋಡುವಂತೆ ಒಂದು ವಾರ ಬಿಡಬೇಕು. ಹಳೆಯ ಗಂಡು ಇದ್ದರೆ ಮೊದಲೇ ತೆಗೆಯುವುದು ಒಳ್ಳೆಯದು. ಹೆಣ್ಣುಗಳು ಕಡಿಮೆಯಿದ್ದಲ್ಲಿ ಎರಡು ಗಂಡುಗಳು ಕಾದಾಡುತ್ತವೆ. ಬಳಿಕ ವಿಶಾಲವಾದ ಬಯಲಿನಲ್ಲಿ, ಹಿಂಡು ಮೇಯುತ್ತಿರುವಾಗ ಹಗಲಿನಲ್ಲಿ ಬಿಡಬೇಕು. ಮೊದಲ ದಿನಗಳಲ್ಲಿ ಎರಡು ಮೂರು ಕಡೆ ಮೇವನ್ನೂ ನೀರನ್ನೂ ಇಟ್ಟರೆ ಜಗಳ ಕಡಿಮೆಯಾಗುತ್ತದೆ. ಅಟ್ಟಾಡುವುದೂ ಅಲ್ಪಸ್ವಲ್ಪ ಕುಕ್ಕುವುದೂ ಸಹಜ. ರಕ್ತ ಬಂದರೆ ಮತ್ತೆ ಬೇರ್ಪಡಿಸತಕ್ಕದ್ದು.

ಪ್ರಮಾಣ. ಒಂದು ಗಂಡಿಗೆ 5ರಿಂದ 7 ಹೆಣ್ಣುಗಳು ಇರಬೇಕು. ಗಂಡುಗಳು ಹೆಚ್ಚಾದರೆ ಲಾಭವಿಲ್ಲ; ಹೆಣ್ಣುಗಳ ಕತ್ತಿನ ಹಿಂಭಾಗದ ಗರಿ ಕಿತ್ತು ಗಾಯವಾಗುತ್ತದೆ, ನೀರಿನಲ್ಲಿ ಮುಳುಗಿಸಿ ಕೊಂದುಬಿಡುವುದೂ ಉಂಟು. ಗಂಡುಬಾತನ್ನು ಕೋಳಿಗಳೊಡನೆ ಬಿಡಬಾರದು. ಹುಂಜಕ್ಕಿಲ್ಲದ ಜನನಾಂಗ ಗಂಡುಬಾತಿಗಿರುವುದರಿಂದ ಅದು ಹೇಂಟೆಗೆ ಏರಿದರೆ ಒಳಗಾಯವಾಗುತ್ತದೆ.

ಮೊಟ್ಟೆಗಳನ್ನು ಕಾವಿಗಿಡುವುದು. ಹಳೆಯ ಗಂಡಿನ ಬೀಜ ಹೆಣ್ಣಿನ ದೇಹದಲ್ಲಿ ಒಂದೆರಡು ವಾರ ಉಳಿಯುತ್ತದೆ. ಆದುದರಿಂದ ಹೊಸ ಗಂಡಿನ ಮರಿಗಳೇ ಬೇಕೆನ್ನುವವರು ಹಳೆಯದನ್ನು ತೆಗೆದ ಮೂರು ವಾರಗಳ ಮೇಲೆ, ಹೊಸದು ಹಿಂಡಿಗೆ ಹೊಂದಿಕೊಂಡ ತರುವಾಯ, ಮೊಟ್ಟೆಗಳನ್ನು ಕೂಡಿಡಬೇಕು. ಬಾತುಗಳು ಬಹುಮಟ್ಟಿಗೆ ರಾತ್ರಿಯಲ್ಲಿ, ಬೆಳಗಾಗುವ ಮುಂಚೆ ಮೊಟ್ಟೆಯಿಡುತ್ತವೆ. ಗೂಡು ತೆರೆದೊಡನೆ ಎತ್ತಿಕೊಂಡು ತಂಪಾದ ಸ್ಥಳದಲ್ಲಿ ಇಡಬೇಕು. ಹೆಚ್ಚು ಮೊಟ್ಟೆಯಿಡುವ ಖಾಕಿ ಕ್ಯಾಂಬೆಲ್ ಜಾತಿಯವು ಕಾವಿಗೆ ಕೂರುವುದು ಅಪರೂಪವಾದುದರಿಂದ ನಾಟಿ ಹೇಂಟೆಯನ್ನು ಕೂರಿಸಬಹುದು. ಏಳನೆಯ ಅಥವಾ ಎಂಟನೆಯ ದಿನ ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ನೋಡಿದರೆ ಫಲವಾದ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ; ಬರಡು ಮೊಟ್ಟೆ ತಿಳಿಯಾಗಿರುತ್ತದೆ. 28 ದಿನಕ್ಕೆ ಮರಿಯಾಗುತ್ತದೆ. ಹೆಚ್ಚಿನ ಮೊಟ್ಟೆಗಳು ಬರಡಾಗಿದ್ದರೆ ಹೆಣ್ಣುಗಳನ್ನು ಮಾರುವ ಮೊದಲು ಗಂಡಿನ ಕಾಲು, ತೂಕ, ವಯಸ್ಸುಗಳನ್ನು ಪರೀಕ್ಷಿಸಬೇಕು.

ಒಂದು ತಿಂಗಳ ಕಾಲ ಒಂದು ಹಕ್ಕಿಗೆ ಬೇರೆ ಮೇವು ಹಾಕುವ ಶ್ರಮವೂ ಖರ್ಚೂ ಅಲ್ಪ. ಹಿಂಡನ್ನು ಕಳೆದುಕೊಂಡು ಮತ್ತೆ ಮರಿಯಿಂದ ಬೆಳೆಸುವುದಕ್ಕೆ ಆರು ತಿಂಗಳು ಬೇಕು. ಅಷ್ಟು ಕಾಲವೂ ಮನೆಗೆ ಮೊಟ್ಟೆಯ ಆದಾಯವಿರುವುದಿಲ್ಲ.